ಅಂಬೆಗಾಲಿನ ಪುಟ

ಮಗಳಿಗೆ ಒಂಬತ್ತು ತಿಂಗಳು ತುಂಬಿ ಹತ್ತಕ್ಕೆ ಬಿತ್ತು, ಅಂಬೆಗಾಲಿನ ಸುಳಿವಿಲ್ಲ. ಕೂತಲ್ಲೇ ಜಾರಿಕೊಂಡು ಮನೆಯೆಲ್ಲ ಸುತ್ತುತ್ತಾಳೆ. ನಾನು ಶಿಶುಪಾಲನೆಯ ದಪ್ಪ ಪುಸ್ತಕ ಹಿಡಿದು ಬೆವರುತ್ತಿದ್ದೆ.

"ನೀನೂ ಅಂಬೆಗಾಲಿಟ್ಟವನಲ್ಲ ಕಣೋ. ಎದ್ದವನೇ ನೆಟ್ಟಗೆ ಬೆಲ್ಲದ ಡಬ್ಬಿಗೆ ನಡೆದೆ" ಅಂದರು ಅಮ್ಮ, ಅವರೆಕಾಯಿ ಸುಲಿಯುತ್ತಾ.

ಪುಸ್ತಕಗಳೂ ಮಾತು ಬದಲಿಸುತ್ತವೆ ಅನ್ನಿ. 1946ರಲ್ಲಿ ಮೊದಲು ಬಂದ ಡಾ. ಬೆಂಜಮಿನ್ ಸ್ಪಾಕ್ ಅವರ ಜಗತ್ಪ್ರಸಿದ್ಧ ಕೈಪಿಡಿ ನಡುವೆ ಕೆಲಕಾಲ ಮಗುವನ್ನು ಬೋರಲು ಮಲಗಿಸಿ ಅಂದಿತ್ತು. ಈಗ ವೈದ್ಯರೆಲ್ಲ ಅಂಗಾತವೇ ಅನ್ನುತ್ತಾರೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯಂತೂ 2022ರಲ್ಲಿ ಬೆಳವಣಿಗೆಯ ಮೈಲಿಗಲ್ಲುಗಳ ಪಟ್ಟಿಯಿಂದ ಅಂಬೆಗಾಲನ್ನೇ ಕೈಬಿಟ್ಟಿತು. ನನ್ನದು ಹಳೇ ಮುದ್ರಣ, ಪಾಪ, ಅದಕ್ಕಿನ್ನೂ ಸುದ್ದಿ ಮುಟ್ಟಿಲ್ಲ.

ಅಷ್ಟರಲ್ಲಿ ಮಗಳು ಜಾರಿ ಬಂದು ಒಂದು ಪುಟ ಹರಿದು ಬಾಯಿಗಿಟ್ಟಳು. ಮಗು ಕಾಗದ ತಿಂದರೆ ಏನು ಮಾಡಬೇಕೆಂದು ಗಾಬರಿಯಿಂದ ಹುಡುಕಿದೆ. ಆ ಪುಟವೇ ಅವಳ ಬಾಯಲ್ಲಿತ್ತು.