ಮನೆಯೊಳಗಿನ ಇನ್‌ಸ್ಪೆಕ್ಟರು

1991ರ ನವೆಂಬರ್ 22ರಂದು ಸುಪ್ರೀಂ ಕೋರ್ಟು ಒಂದು ಆದೇಶ ಕೊಟ್ಟಿತು. ಎಂ.ಸಿ. ಮೆಹ್ತಾ ಎಂಬ ವಕೀಲರು ಹೂಡಿದ್ದ ದಾವೆ ಅದು. ಶಾಲೆ-ಕಾಲೇಜುಗಳಲ್ಲಿ ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕು, ಸಿನಿಮಾ ಟಾಕೀಸುಗಳಲ್ಲಿ ಪರಿಸರದ ಸ್ಲೈಡು ತೋರಿಸಬೇಕು ಎಂದು ನ್ಯಾಯಮೂರ್ತಿಗಳು ಅಪ್ಪಣೆ ಮಾಡಿದರು. ಸ್ಲೈಡು ಬಿದ್ದಾಗ ಜನ ಶೇಂಗಾ ತರಲು ಹೊರಗೆ ಹೋದರೋ ಏನೋ, ಅದರಿಂದ ಯಾರಿಗೂ ತೊಂದರೆಯಾದದ್ದು ಕಾಣೆ. ಪಾಠ ಮಾತ್ರ ಮಕ್ಕಳ ತಲೆಗೆ ಹತ್ತಿತು. ಮೂರು ದಶಕದ ಮೇಲೆ ಆ ಆದೇಶವನ್ನು ಜಾರಿಗೆ ತರುವ ಅಧಿಕಾರಿಯೊಬ್ಬಳು ಹುಬ್ಬಳ್ಳಿ ವಿದ್ಯಾನಗರದ ನಮ್ಮ ಮನೆಯಲ್ಲಿ ಎರಡು ಜಡೆ ಹಾಕಿಕೊಂಡು ಓಡಾಡುತ್ತಿದ್ದಾಳೆ. ವಯಸ್ಸು ಹತ್ತು. ಹುದ್ದೆ, ಶಾಲೆಯ ಇಕೋ ಕ್ಲಬ್ಬಿನ ಉಪಾಧ್ಯಕ್ಷೆ. ಸಂಬಂಧದಲ್ಲಿ ನನ್ನ ಮಗಳು.

ಅಧಿಕಾರಿಯ ದಿನಚರಿ ಮುಂಜಾನೆ ಬಚ್ಚಲಿನಿಂದ ಶುರುವಾಗುತ್ತದೆ. "ಅಪ್ಪಾಜಿ, ಬ್ಲೇಡು ನಿಮ್ಮ ಗಲ್ಲದ ಮ್ಯಾಲ ಐತಿ. ನಳಾ ಯಾರ ಸಲುವಾಗಿ ಹರಿಯಾಕ ಹತ್ತೇತಿ?" ಎಂಬ ಪ್ರಶ್ನೆಗೆ ಸೋಪಿನ ನೊರೆ ಮೆತ್ತಿದ ಬಾಯಿಯಿಂದ ಯಾವ ಉತ್ತರವೂ ಗಂಭೀರವಾಗಿ ಬರುವುದಿಲ್ಲ. ಅಲ್ಲಿಂದ ಪಡಸಾಲೆಗೆ. "ಈ ಫ್ಯಾನು ಖುರ್ಚಿಗೆ ಗಾಳಿ ಹಾಕಾಕ ಹತ್ತೇತೇನು?" ಅಲ್ಲಿಂದ ಅಡಿಗೆಮನೆಗೆ. ಅಲ್ಲಿ ಮಾತ್ರ ಅವಳ ಆಟ ನಡೆಯುವುದಿಲ್ಲ. ಅಲ್ಲಿರುವವರು ನಮ್ಮವ್ವ. ಅರವತ್ತು ವ್ಯಾಟಿನ ಹಳೇ ಬಲ್ಬಿನ ಬೆಳಕನ್ನು ಒಂಬತ್ತು ವ್ಯಾಟಿನ ಎಲ್‌ಇಡಿ ಕೊಡುತ್ತದೆ ಎಂದು ಮೊಮ್ಮಗಳು ಪಾಠ ಒಪ್ಪಿಸಿದರೆ ಅವ್ವ, "ಒಂದ ಬಲ್ಬಿನಾಗ ನಿಮ್ಮಪ್ಪನ ಎಸ್ಸೆಸ್ಸೆಲ್ಸಿ ಮುಗಿಸೇನಿ, ನನಗೇನ ಹೇಳ್ತಿ" ಎಂದು ರೊಟ್ಟಿ ಬಡಿಯುವುದನ್ನು ಮುಂದುವರಿಸುತ್ತಾಳೆ.

ಇಬ್ಬರ ನಡುವೆ ಒಂದೇ ಒಂದು ದೊಡ್ಡ ಜಗಳ ಆಗಿದ್ದು ನೀರಿನ ವಿಷಯಕ್ಕೆ. ಹುಬ್ಬಳ್ಳಿ-ಧಾರವಾಡ ಅವಳಿನಗರದ ನೀರಿನ ಕಥೆ ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮಗೆ ನೀರು ಬರುವುದು ಸವದತ್ತಿ ಬಳಿಯ ನವಿಲುತೀರ್ಥದಿಂದ, ಮಲಪ್ರಭೆಗೆ ಕಟ್ಟಿದ ರೇಣುಕಾಸಾಗರದಿಂದ. 2008ರ ಸುಮಾರಿಗೆ ಕೆಲವು ವಾರ್ಡುಗಳಿಗೆ ಇಪ್ಪತ್ತನಾಲ್ಕು ತಾಸು ನೀರು ಕೊಟ್ಟು ತೋರಿಸಿದರು. ಆ ವಾರ್ಡಿನವರಿಗೆ ಹೆಣ್ಣು ಕೊಡಲು ಜನ ಮುಂದಾದರು ಎಂಬ ಮಾತು ಉತ್ಪ್ರೇಕ್ಷೆ ಇರಬಹುದು, ಪೂರ್ತಿ ಸುಳ್ಳಲ್ಲ. ಉಳಿದವರು ನೀರು ಬರುವ ದಿನಕ್ಕಾಗಿ ಕಾಯುವವರು. ವಾರ ಹಿಡಿದು ಕಾದ ಮೇಲೆ ಓಣಿಯ ಯಾವುದೋ ಮೂಲೆಯಿಂದ "ನೀರು ಬಂದ್ವು!" ಎಂಬ ಕೂಗು ಎದ್ದರೆ ಮದುವೆ, ಮುಂಜಿ, ಕ್ರಿಕೆಟ್ ಮ್ಯಾಚು ಎಲ್ಲ ನಿಂತುಹೋಗುತ್ತವೆ. ಬ್ಯಾರಲ್ಲು, ಹಂಡೆ, ಕೊಡ, ಬಕೀಟು, ಕಡೆಗೆ ಕುಕ್ಕರು ಕೂಡ ಸಾಲಿಗೆ ನಿಲ್ಲುತ್ತವೆ.

ಇಷ್ಟು ಕಷ್ಟಪಟ್ಟು ತುಂಬಿದ ನೀರನ್ನು ನಾವು ಏನು ಮಾಡುತ್ತೇವೆ? ಹೊಸ ನೀರು ಬಂದ ಕೂಡಲೆ ಬ್ಯಾರಲ್ಲಿನ ತಳದಲ್ಲಿ ಉಳಿದದ್ದನ್ನು ಗಟಾರಕ್ಕೆ ಚೆಲ್ಲುತ್ತೇವೆ. ಅದು "ಹಳೇ ನೀರು". ಇಡೀ ವಾರ ತಂಬಿಗೆ ತಂಬಿಗೆ ಲೆಕ್ಕ ಹಾಕಿ ಬಳಸಿದ ಅವ್ವ, ಆ ದಿನ ಮಾತ್ರ ಎರಡೆರಡು ಕೊಡ ಹೊರಗೆ ಚೆಲ್ಲುವಾಗ ಒಂದು ತರಹದ ಶ್ರೀಮಂತಿಕೆಯಲ್ಲಿರುತ್ತಾಳೆ. ಒಮ್ಮೆ ಅಧಿಕಾರಿ ಗಟಾರಕ್ಕೂ ಕೊಡಕ್ಕೂ ನಡುವೆ ಅಡ್ಡ ನಿಂತಳು.

"ಅಜ್ಜಿ, ಈ ನೀರು ಡ್ಯಾಮಿಗೆ ಯಾವಾಗ ಬಂದಿದ್ದು?"

"ಮಳಿಗಾಲದಾಗ ಬಂದಿರ್ತೈತಿ."

"ಈಗ ಏಪ್ರಿಲ್. ಅಲ್ಲಿ ಇಷ್ಟು ತಿಂಗಳು ನಿಂತಾಗ ಹಳೇದಾಗಿಲ್ಲ, ನಮ್ಮ ಬ್ಯಾರಲ್‌ನ್ಯಾಗ ಆರು ದಿನಕ್ಕ ಹಳೇದಾತೇನು?"

ಅವ್ವ ಕೊಡ ಕೆಳಗಿಟ್ಟಳು. ನಮ್ಮ ಮನೆತನದಲ್ಲಿ ಅವಳ ಬಾಯಿ ಕಟ್ಟಿಸಿದವರು ಅದುವರೆಗೆ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕುಡಿಯಾಕ ಬ್ಯಾಡ, ಅರಿವಿ ಒಗಿಯಾಕ ಬರ್ತೈತಿ ತಗೋ" ಎಂದಳು. ಕರಾರು ಆಯಿತು. ಈಗ ತಳದ ನೀರು ಬಟ್ಟೆಗೆ, ಬಟ್ಟೆ ಒಗೆದದ್ದು ಅಂಗಳಕ್ಕೆ, ಅಕ್ಕಿ-ಕಾಯಿಪಲ್ಲೆ ತೊಳೆದದ್ದು ಕರಿಬೇವಿನ ಗಿಡಕ್ಕೆ. ಗಟಾರಕ್ಕೆ ಮಾತ್ರ ನಮ್ಮ ಮನೆಯ ಬಗ್ಗೆ ಬೇಸರವಿರಬೇಕು.

ಕಸದ ವಿಷಯಕ್ಕೆ ಬಂದರೆ ಅವ್ವನಿಗೆ ಯಾರ ಪಾಠವೂ ಬೇಕಿಲ್ಲ. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಬೇಕೆಂದು 2016ರ ನಿಯಮ ಹೇಳಿತು. ಅವ್ವನ ನಿಯಮ ಇನ್ನೂ ಹಳೆಯದು, ಇನ್ನೂ ಕಠಿಣ. ಮುಸುರಿ ಎಮ್ಮೆಯವರಿಗೆ, ಪೇಪರು ರದ್ದಿಯವನಿಗೆ, ಹಾಲಿನ ಪಾಕೀಟು ತೊಳೆದು ಹಗ್ಗದ ಮೇಲೆ ಕ್ಲಿಪ್ಪು ಹಾಕಿ ಒಣಗಿಸಿ ಅವನಿಗೇ, ಹಳೇ ಅರಿವಿ ಭಾಂಡೆ ಮಾರುವವಳಿಗೆ. ನನ್ನ ಎರಡು ಪ್ಯಾಂಟು, ಒಂದು ಸ್ವೆಟರು ಕೊಟ್ಟು ಆಕೆಯೊಂದಿಗೆ ಒಂದು ತಾಸು ಚೌಕಾಸಿ ಮಾಡಿ ಅವ್ವ ಒಂದು ಸ್ಟೀಲ್ ಪುಟ್ಟಿ ಗಿಟ್ಟಿಸಿದ್ದಾಳೆ. ಆ ಪ್ಯಾಂಟುಗಳಲ್ಲಿ ಒಂದನ್ನು ನಾನು ಇನ್ನೂ ತೊಡುತ್ತಿದ್ದೆ ಎಂಬುದು ಬೇರೆ ಮಾತು. ಕಸದ ಗಾಡಿ ಬಂದಾಗ ನಮ್ಮ ಮನೆಯಿಂದ ಹೋಗುವುದು ಒಂದು ಹಿಡಿ. ಪಕ್ಕದ ಮನೆಯವರು ನಾವು ಉಪವಾಸ ಬಿದ್ದಿದ್ದೇವೆಯೇ ಎಂದು ವಿಚಾರಿಸಿದ್ದೂ ಉಂಟು.

ಇನ್ನು ಕೌದಿ. ಹರಿದ ಇಳಕಲ್ ಸೀರೆ, ಅಪ್ಪನ ಧೋತರ, ನನ್ನ ಶಾಲೆಯ ಖಾಕಿ ಚಡ್ಡಿ, ಎಲ್ಲವನ್ನೂ ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಮುಖವಾಗಿ ದೊಡ್ಡ ಟಾಕು ಹಾಕುತ್ತ ಬರುತ್ತಾಳೆ. ಕಡೆಯ ಮೂಲೆಯನ್ನು ಮುಚ್ಚುವ ಮೊದಲು ಅದರೊಳಗೆ ಹೋಳಿಗೆಯ ಒಂದು ತುಣುಕು ಇಡುತ್ತಾಳೆ. ಹಸಿದ ಕೌದಿ ಹೊದ್ದುಕೊಂಡವರಿಗೆ ನಿದ್ದೆ ಕೊಡುವುದಿಲ್ಲವಂತೆ. ಒಂದು ಕೌದಿ ಹತ್ತು ಹದಿನೈದು ವರ್ಷ ಬಾಳುತ್ತದೆ. ಹರಿದರೆ ಬಿಸಾಡುವುದಿಲ್ಲ, ಅದು ಮುಂದಿನ ಕೌದಿಯ ಹೊಟ್ಟೆಗೆ ಹೋಗುತ್ತದೆ.

ಇಂಥ ಮನೆಗೆ ಶಾಲೆಯಿಂದ ಒಂದು ಚೀಟಿ ಬಂತು. "ಬೆಸ್ಟ್ ಔಟ್ ಆಫ್ ವೇಸ್ಟ್" ಸ್ಪರ್ಧೆ. ನಿರುಪಯುಕ್ತ ವಸ್ತುಗಳಿಂದ ಉಪಯುಕ್ತ ವಸ್ತು ಮಾಡಿ ತರಬೇಕು. ಅವ್ವ ಟ್ರಂಕಿನಿಂದ ಕೌದಿ ತೆಗೆದಳು. ಮಗಳು ತಲೆ ಅಲ್ಲಾಡಿಸಿದಳು. ಅದು ನಡೆಯುವುದಿಲ್ಲವಂತೆ. ಐಸ್‌ಕ್ರೀಮ್ ಕಡ್ಡಿ ಬೇಕು, ಹಳೇ ಬಳೆ ಬೇಕು, ಹೊಳೆಯುವ ಕಾಗದ ಬೇಕು, ತಳಕ್ಕೆ ಥರ್ಮಾಕೋಲು ಬೇಕು. ದುರ್ಗದ ಬೈಲಿನ ಸ್ಟೇಷನರಿ ಅಂಗಡಿಯಲ್ಲಿ ನನ್ನ ಮುಖ ಕಂಡ ಕೂಡಲೆ ಮಾಲೀಕರು ಕೇಳಿದರು: "ವೇಸ್ಟ್ ಬೇಕೇನ್ರಿ? ಹೊಸಾದು ಬಂದೈತಿ ನೋಡ್ರಿ."

ನಿಜಕ್ಕೂ ಬಂದಿತ್ತು. ಯಾರೂ ಚೀಪದ ಐಸ್‌ಕ್ರೀಮ್ ಕಡ್ಡಿ ಐವತ್ತರ ಕಟ್ಟು. ಯಾರೂ ತೊಡದ ಬಳೆ ಡಜನ್ ಲೆಕ್ಕದಲ್ಲಿ. ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಕೆ. ನನ್ನ ಹಿಂದೆ ಇನ್ನೂ ನಾಲ್ಕು ಅಪ್ಪಂದಿರು ವೇಸ್ಟ್ ಕೊಳ್ಳಲು ನಿಂತಿದ್ದರು. ಪೆನ್ ಇಡುವ ಡಬ್ಬಿಯೊಂದು ತಯಾರಾಗಿ ಸಮಾಧಾನಕರ ಬಹುಮಾನ ಪಡೆದು ಮನೆಗೆ ಬಂತು. ಪೆನ್ನು ಇಟ್ಟರೆ ವಾಲುತ್ತದೆ. ಅವ್ವ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದಕ್ಕ ರೊಕ್ಕಾ ಕೊಟ್ರೇನು?" ಎಂದು ಕೇಳಿದ ದನಿಯಲ್ಲಿ ಬಹುಮಾನ ಸಮಿತಿಯ ಕುರಿತ ಅವಳ ಅಭಿಪ್ರಾಯವೆಲ್ಲ ಇತ್ತು.

ಹಾಗೆಂದು ಅಧಿಕಾರಿಯ ಎಲ್ಲ ಯೋಜನೆಗಳೂ ಖರ್ಚಿನವಲ್ಲ. ಗಿರಮಿಟ್ ತಿನ್ನಲು ಹೋದರೆ ಸ್ಟೀಲ್ ಡಬ್ಬಿ ಒಯ್ಯಬೇಕೆಂದು ಅವಳ ಹಟ. ಅಚ್ಚಾದ ಪೇಪರಿನಲ್ಲಿ ತಿಂಡಿ ಕಟ್ಟಬಾರದೆಂದು ಆಹಾರ ಸುರಕ್ಷತೆಯ ಪ್ರಾಧಿಕಾರವೂ ಹೇಳಿದೆ, ಶಾಯಿ ಹೊಟ್ಟೆಗೆ ಹೋಗುತ್ತದೆಂದು. ಸಂಪಾದಕೀಯವನ್ನು ಓದಿ ಅರಗಿಸಿಕೊಳ್ಳುವುದೇ ಕಷ್ಟ. ನನಗೆ ಮೊದಲು ಡಬ್ಬಿ ಚಾಚಲು ನಾಚಿಕೆ. ಆದರೆ ಗಿರಮಿಟ್ ಮಾರುವವರ ಕೈಗೆ ಅಳತೆ ಇರುವುದು ಪೇಪರಿನದು. ಅಷ್ಟನ್ನೇ ಡಬ್ಬಿಗೆ ಹಾಕಿದರೆ ತಳ ಕಾಣುತ್ತದೆ. ಅವರಿಗೆ ಮನಸ್ಸು ತಡೆಯದೆ ಇನ್ನೊಂದು ಹಿಡಿ ಹಾಕುತ್ತಾರೆ, ಮೇಲೆ ಸೇವು, ಬದಿಗೊಂದು ಮೆಣಸಿನಕಾಯಿ. ಪರಿಸರ ಕಾಪಾಡಿದವರಿಗೆ ಪುಣ್ಯ ಬರುವುದು ಯಾವಾಗಲೋ. ಗಿರಮಿಟ್ ಮಾತ್ರ ಆಗಲೇ ಬರುತ್ತದೆ.

ಧಾರವಾಡಕ್ಕೆ ಹೋಗುವುದಿದ್ದರೆ ಕಾರು ತೆಗೆಯುವಂತಿಲ್ಲ, ಚಿಗರಿಯಲ್ಲೇ ಹೋಗಬೇಕು. 2018ರಲ್ಲಿ ಪ್ರಯೋಗಾರ್ಥ ಶುರುವಾಗಿ 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾದ ಬಸ್ಸು. ತನ್ನದೇ ದಾರಿಯಲ್ಲಿ, ತಣ್ಣನೆ ಗಾಳಿ ಹಾಕುತ್ತ ಓಡುತ್ತದೆ. ಒಂದು ಮದುವೆಗೆ ಹೀಗೇ ಹೊರಟಾಗ ಅವ್ವ ಕಿಟಕಿಯಿಂದ ನೋಡುತ್ತ, "ಇಲ್ಲೆ ರಸ್ತೆ ತುಂಬ ಗಿಡ ಇದ್ದವು, ಎಲ್ಲಿ ಹೋದವು?" ಎಂದಳು. ರಸ್ತೆ ಅಗಲ ಮಾಡುವಾಗ ಕಡಿದರು ಎಂದೆ. ಅಧಿಕಾರಿ ನನ್ನನ್ನು ನೋಡಿದಳು. "ಗಿಡಾ ಕಡದು ಪರಿಸರದ ಬಸ್ ಬಿಟ್ಟಾರೇನು?" ಚಿಗರಿಯಲ್ಲಿ ಮುಂದಿನ ನಿಲ್ದಾಣದ ಹೆಸರನ್ನು ದೊಡ್ಡ ದನಿಯಲ್ಲಿ ಹೇಳುವ ಏರ್ಪಾಡಿದೆ. ಅದು ಆಗ ನನ್ನ ಮಾನ ಕಾಯಿತು.

ಮಣ್ಣಿನ ಹಬ್ಬಗಳಲ್ಲಿ ಮಾತ್ರ ಅಜ್ಜಿ-ಮೊಮ್ಮಗಳು ಒಂದೇ ಪಕ್ಷ. ನಮ್ಮ ಕಡೆ ಜೂನ್ ಹೊತ್ತಿಗೆ ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದ ಪಂಚಮಿಗೆ ನಾಗಪ್ಪ, ಭಾದ್ರಪದಕ್ಕೆ ಗಣಪ್ಪ. ನಾಲ್ಕು ತಿಂಗಳು ಮಕ್ಕಳ ಉಗುರಿನಲ್ಲಿ ಎರಿಮಣ್ಣು ಹೋಗುವುದೇ ಇಲ್ಲ. ಮಗಳು ಮಾಡಿದ ಎತ್ತಿಗೆ ಕೊಂಬು ಇದ್ದದ್ದರಿಂದ ಅದು ಎತ್ತೆಂದು ನಾವು ಒಪ್ಪಿದೆವು. ಪೇಟೆಯಲ್ಲಿ ಬಣ್ಣ ಬಳಿದ, ಮೂಗುದಾರ ಹಾಕಿದ ಚೆಂದದ ಎತ್ತುಗಳಿದ್ದರೂ ಅವ್ವ ಮುಟ್ಟಗೊಡಲಿಲ್ಲ. ಪೂಜೆ ಮುಗಿದು ತುಳಸಿಕಟ್ಟೆಗೆ ಬಂದ ನಮ್ಮ ಎತ್ತು ಒಂದೇ ಮಳೆಗೆ ಮಣ್ಣಾಯಿತು. ಪಿಒಪಿ ಗಣಪತಿ ಬೇಡವೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಹೇಳಿತು. ಹೇಳಿದ್ದು ಒಳ್ಳೆಯದೇ. ಬಕೀಟಿನಲ್ಲಿ ಮುಳುಗಿಸಿದ ಗೆಳತಿಯ ಮನೆಯ ಗಣಪ್ಪ ಎಷ್ಟು ದಿನವಾದರೂ ಕರಗದೆ, ಸೊಂಡಿಲು ಹೊರಗೆ ಹಾಕಿಕೊಂಡು ಕೂತಿದ್ದನ್ನು ಮಗಳು ಬಂದು ವರದಿ ಮಾಡಿದಳು. ಆ ಮನೆಯವರಿಗೆ ಬಕೀಟೂ ಹೋಯಿತು, ವಿಸರ್ಜನೆಯೂ ಆಗಲಿಲ್ಲ.

ಆಗಸ್ಟ್ 15ರ ಮಾತನ್ನೂ ಹೇಳಿಬಿಡುತ್ತೇನೆ. ನಮ್ಮೂರ ಬೆಂಗೇರಿಯಲ್ಲಿ 1957ರಲ್ಲಿ ಹುಟ್ಟಿದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ಕೈಯಲ್ಲಿ ನೂತ ನೂಲು, ಕೈಮಗ್ಗದ ಬಟ್ಟೆ, ನೂಲಿನ ಎಳೆಯಿಂದ ಚಕ್ರದ ಅಳತೆಯವರೆಗೆ ತಪಾಸಣೆ. ದೇಶದ ದೊಡ್ಡ ದೊಡ್ಡ ಕಟ್ಟಡಗಳ ಮೇಲಿನ ಧ್ವಜ ಇಲ್ಲಿಂದ ಹೋಗುತ್ತದೆ. ಅದೇ ಊರಿನ ಸಿಗ್ನಲ್ಲಿನಲ್ಲಿ ನಾವು ಪ್ಲಾಸ್ಟಿಕ್ಕಿನ ಬಾವುಟ ಕೊಳ್ಳುತ್ತೇವೆ. ಆಗಸ್ಟ್ 16ರ ಮುಂಜಾನೆ ಗಟಾರದ ಬದಿಗೆ ಬಿದ್ದವನ್ನು ಇಕೋ ಕ್ಲಬ್ಬಿನ ಮಕ್ಕಳು ಆರಿಸುತ್ತಾರೆ. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆ ತಿದ್ದಿ ಪಾಲಿಯೆಸ್ಟರಿಗೂ ಯಂತ್ರದ ಬಟ್ಟೆಗೂ ದಾರಿ ಬಿಟ್ಟ ಮೇಲೆ ಬೆಂಗೇರಿಯ ಹೆಣ್ಣುಮಕ್ಕಳ ಹೊಲಿಗೆ ಯಂತ್ರಗಳಿಗೆ ಕೆಲಸ ತಗ್ಗಿತು. ಮನೆಗೊಂದು ಖಾದಿ ಧ್ವಜ ಕೊಂಡರೆ ವರ್ಷಗಟ್ಟಲೆ ಬರುತ್ತದೆ. ಇಸ್ತ್ರಿ ಮಾಡಿ ಮಡಚಿಟ್ಟರಾಯಿತು.

ಕಡೆಗೆ ಸಸಿ. ನೆಡುವ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ದೊಡ್ಡ ಇತಿಹಾಸವೇ ಇದೆ. 1987ರ ನವೆಂಬರ್ 14ರಂದು, ಮಕ್ಕಳ ದಿನವೇ, ಆಗ ಧಾರವಾಡ ಜಿಲ್ಲೆಯಲ್ಲಿದ್ದ ಕುಸನೂರಿನಲ್ಲಿ "ಕಿತ್ತಿಕೋ ಹಚ್ಚಿಕೋ" ಸತ್ಯಾಗ್ರಹ ನಡೆಯಿತು. ಊರ ಸಾಮೂಹಿಕ ಭೂಮಿಯಲ್ಲಿ ಕಾರ್ಖಾನೆಯ ತಿರುಳಿಗಾಗಿ ನೆಟ್ಟಿದ್ದ ನೀಲಗಿರಿಯನ್ನು ಕಿತ್ತು, ಜನರಿಗೂ ದನಕ್ಕೂ ಬೇಕಾದ ಗಿಡ ಹಚ್ಚಿದರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್.ಆರ್. ಹಿರೇಮಠರು ಅದರ ಮುಂದಾಳುಗಳು. ಆ ನೆಡುತೋಪಿನ ಕಂಪನಿ ಮುಂದೆ ಮುಚ್ಚಿತು. ಏನು ಕೀಳಬೇಕು, ಏನು ಹಚ್ಚಬೇಕು ಎಂದು ಹಳ್ಳಿಯ ಜನ ಅಷ್ಟು ವಿಚಾರ ಮಾಡಿದ್ದರು. ನಾವೀಗ ಶಾಲೆಯ ಕಂಪೌಂಡಿನಲ್ಲಿ ಜೂನ್ ಐದಕ್ಕೆ ಒಂದು ಸಸಿಗೆ ಹನ್ನೆರಡು ಕೈ ಹಚ್ಚಿ ಫೋಟೊ ತೆಗೆಸುತ್ತೇವೆ. ವರ್ಷ ಬದಲಾಗುತ್ತದೆ, ಅತಿಥಿ ಬದಲಾಗುತ್ತಾರೆ, ಗುಂಡಿ ಮಾತ್ರ ಹೋದ ವರ್ಷದ್ದೇ.

ಯಾಕೆಂದು ಅಧಿಕಾರಿಯೇ ಪತ್ತೆ ಹಚ್ಚಿದಳು. ಮುಂಗಾರು ಇರುವತನಕ ಸಸಿಗೆ ಯಾರೂ ಬೇಕಿಲ್ಲ. ಹಿಂಗಾರಿನ ನಾಲ್ಕು ಹನಿಯಲ್ಲಿ ದೀಪಾವಳಿ ದಾಟುತ್ತದೆ. ಅದರ ನಿಜವಾದ ಪರೀಕ್ಷೆ ಮಾರ್ಚಿನಿಂದ ಮೇವರೆಗೆ, ಅಂದರೆ ಮಕ್ಕಳ ಪರೀಕ್ಷೆ ಮುಗಿದು ಶಾಲೆಗೆ ಬೀಗ ಬಿದ್ದಾಗ. ಮಕ್ಕಳು ಸೋದರಮಾವನ ಊರಿಗೆ, ಮಾಸ್ತರರು ಚುನಾವಣೆಯ ಕೆಲಸಕ್ಕೋ ತರಬೇತಿಗೋ. ಇಡೀ ಶಾಲೆಯಲ್ಲಿ ಹಾಜರಿರುವುದು ಸಸಿ ಒಂದೇ. ಕಳೆದ ಬೇಸಿಗೆಯಲ್ಲಿ ಅಜ್ಜಿ-ಮೊಮ್ಮಗಳು ಕಾಯಿಪಲ್ಲೆ ತೊಳೆದ ನೀರನ್ನು ಕ್ಯಾನಿಗೆ ತುಂಬಿ, ಸಂಜೆ ಹೊತ್ತು ಶಾಲೆಯ ಗೇಟಿನ ಸಂದಿಯಿಂದ ಒಂದು ಬೇವಿನ ಸಸಿಗೆ ಹಾಕಿ ಬಂದರು. ಕಾವಲುಗಾರರು ಮೊದಮೊದಲು ಬೈದರು, ಆಮೇಲೆ ಅವರೇ ಪೈಪು ತಂದರು.

ಆದ್ದರಿಂದ ಅವಳಿನಗರದ ಎಲ್ಲ ಮುಖ್ಯೋಪಾಧ್ಯಾಯರಲ್ಲಿ ನನ್ನದೊಂದು ವಿನಂತಿ. ಪರಿಸರದ ಬಹುಮಾನವನ್ನು ಜೂನ್ ತಿಂಗಳಲ್ಲಿ ನೆಟ್ಟವರಿಗೆ ಕೊಡಬೇಡಿ; ಮೇ ತಿಂಗಳ ಕೊನೆಗೆ ಸಸಿ ಹಸಿರಾಗಿದೆಯೋ ಇಲ್ಲವೋ ನೋಡಿ, ನೀರು ಹಾಕಿದವರಿಗೆ ಕೊಡಿ. ನಮ್ಮ ಮನೆಯಿಂದ ಎರಡು ಹೆಸರು ಬರೆದುಕೊಳ್ಳಿರಿ. ಒಬ್ಬಳಿಗೆ ಹತ್ತು ವರ್ಷ, ಇನ್ನೊಬ್ಬಳಿಗೆ ಎಪ್ಪತ್ತೆಂಟು.