ಶ್ರೀ ಮ್ಯಾಕ್ಸ್ ಐಡಿಯವರ ಸ್ವಯಂನಿವೃತ್ತಿ ಕೋರಿ

ಇವರಿಗೆ,
ಶ್ರೀ ಸೆಲೆಕ್ಟ್ ಮ್ಯಾಕ್ಸ್ ಐಡಿಯವರು,
ಹಿರಿಯ ಕ್ವೆರಿ, ಎಲ್ಲ ಡೇಟಾಬೇಸ್‌ಗಳು

ವಿಷಯ: ತಾವು ದಯಮಾಡಿ ಸ್ವಯಂನಿವೃತ್ತಿ ಪಡೆಯುವ ಬಗ್ಗೆ.

ಮಾನ್ಯರೇ,

ತಮ್ಮ ಸೇವೆ ದೊಡ್ಡದು. ಕೋಡ್ ಬರೆಯಲು ಕೂತ ಹುಡುಗರ ಕೈಗೆ ಮೊದಲು ಸಿಗುವವರು ತಾವೇ. ಟೇಬಲ್ಲಿಗೆ ಈಗಷ್ಟೇ ಸೇರಿಸಿದ ಸಾಲಿಗೆ ಯಾವ ನಂಬರ್ ಬಿತ್ತು ಎಂದು ಕೇಳಿದರೆ, ತಾವು ಸರಸರ ಹೋಗಿ ಅಲ್ಲಿರುವ ಅತಿ ದೊಡ್ಡ ನಂಬರನ್ನು ಹಿಡಿದು ತರುತ್ತೀರಿ. ಹುಡುಗನ ಲ್ಯಾಪ್‌ಟಾಪಿನಲ್ಲಿ ಈ ಉತ್ತರ ನೂರಕ್ಕೆ ನೂರು ಸರಿ. ಅಲ್ಲಿ ಅವನನ್ನು ಬಿಟ್ಟರೆ ಬೇರೆ ಗಿರಾಕಿಯೇ ಇಲ್ಲವಲ್ಲ!

ಪಂಚಾಯಿತಿ ಶುರುವಾಗುವುದು ಎರಡನೇ ಕೌಂಟರ್ ತೆರೆದ ದಿನ. ಒಂದು ದಿನಸಿ ಅಂಗಡಿ ಎಂದುಕೊಳ್ಳಿ. ಒಂದನೇ ಕೌಂಟರಿನಲ್ಲಿ 25 ಕೆಜಿ ಸೋನಾಮಸೂರಿ ಮೂಟೆಗೆ ಬಿಲ್ ಹಾಕುತ್ತಾರೆ, ಡೇಟಾಬೇಸ್ 4817 ಕೊಡುತ್ತದೆ. ಆ ನಂಬರ್ ತರಲು ತಮ್ಮನ್ನು ಕಳಿಸುವಷ್ಟರಲ್ಲಿ ಪಕ್ಕದ ಕೌಂಟರಿನಲ್ಲಿ ಒಂದು ಸೋಪಿಗೆ 4818 ಬಿದ್ದಿರುತ್ತದೆ. ತಾವು ನಿಷ್ಠೆಯಿಂದ 4818 ಎನ್ನುತ್ತೀರಿ. ಮೂಟೆ ಹೋಗಿ ಸೋಪಿನ ಬಿಲ್ಲಿನಲ್ಲಿ ಕೂರುತ್ತದೆ. ಸೋಪಿಗೆ ಬಂದ ಅಜ್ಜಿ ಅಕ್ಕಿಯ ದುಡ್ಡನ್ನೂ ಕಟ್ಟಬೇಕು, ಅಕ್ಕಿಯವರ ಬಿಲ್ಲು ಖಾಲಿ. ಎರರ್ ಬರುವುದಿಲ್ಲ, ಲಾಗ್‌ನಲ್ಲಿ ಒಂದಕ್ಷರ ಇರುವುದಿಲ್ಲ. ದೊಡ್ಡ ನಂಬರಿಗೆ ಒಂದು ಕೂಡಿಸಿ ಹೊಸ ಸಾಲಿಗೆ ಕೊಡುವ ತಮ್ಮ ಸೋದರ ಮ್ಯಾಕ್ಸ್ ಪ್ಲಸ್ ಒನ್ ಆದರೂ ವಾಸಿ: ಇಬ್ಬರಿಗೆ ಒಂದೇ ನಂಬರ್ ಹಂಚಿದಾಗ ಪ್ರೈಮರಿ ಕೀ ಎರಡನೆಯವರನ್ನು ಬಾಗಿಲಲ್ಲೇ ತಡೆದು ಗಲಾಟೆ ಮಾಡುತ್ತದೆ.

ಟ್ರಾನ್ಸಾಕ್ಷನ್ ಒಳಗೇ ಕರೆದಿದ್ದೆವಲ್ಲ ಎಂದು ತಮ್ಮ ಅಭಿಮಾನಿಗಳು ವಾದಿಸುತ್ತಾರೆ. ಆದರೆ ರೀಡ್ ಕಮಿಟೆಡ್ ಎಂಬ ಐಸೊಲೇಷನ್ ಮಟ್ಟದಲ್ಲಿ ಪಕ್ಕದವರು ಕಮಿಟ್ ಮಾಡಿದ್ದು ತಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ. ಇಡೀ ಟೇಬಲ್ಲಿಗೆ ಬೀಗ ಜಡಿದರೆ ಉತ್ತರ ಸರಿಯಾಗುತ್ತದೆ, ಕ್ಯೂ ಮಾತ್ರ ಬೀದಿಗೆ ಬರುತ್ತದೆ.

ತಮ್ಮ ಬಂಧು, ಎಸ್‌ಕ್ಯೂಎಲ್ ಸರ್ವರ್‌ನ @@ಐಡೆಂಟಿಟಿಯವರ ಕಥೆಯೂ ಕೇಳುವಂಥದ್ದೇ. ಪಕ್ಕದ ಕನೆಕ್ಷನ್ನಿಗೆ ಅವರು ಇಣುಕುವುದಿಲ್ಲ, ಒಪ್ಪೋಣ. ಆದರೆ ಬಿಲ್ ಟೇಬಲ್ಲಿನ ಟ್ರಿಗರ್ ಒಂದು ಆಡಿಟ್ ಟೇಬಲ್ಲಿಗೂ ಸಾಲು ಬರೆದರೆ, ಅವರು ಆಡಿಟ್‌ನ ನಂಬರ್ ತಂದುಕೊಡುತ್ತಾರೆ. ಅದಕ್ಕೆಂದೇ ಸ್ಕೋಪ್ ಐಡೆಂಟಿಟಿ ಬಂತು, 2005ರ ಆವೃತ್ತಿಯಲ್ಲಿ ಔಟ್‌ಪುಟ್ ಕ್ಲಾಜೂ ಬಂತು.

ತಮ್ಮ ಜಾಗಕ್ಕೆ ಅಭ್ಯರ್ಥಿಗಳಿಲ್ಲ ಎನ್ನುವಂತಿಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್ 2006ರಲ್ಲಿ, 8.2 ಆವೃತ್ತಿಯಲ್ಲಿ, ರಿಟರ್ನಿಂಗ್ ಎಂಬ ಸೌಕರ್ಯ ಕೊಟ್ಟಿತು: ಸಾಲು ಸೇರಿಸುವ ಅದೇ ಉಸಿರಿನಲ್ಲಿ ನಂಬರ್ ಕೈಗೆ ಬರುತ್ತದೆ, ಹೋಗಿ ಕೇಳುವ ಕೆಲಸವೇ ಇಲ್ಲ. ಎಸ್‌ಕ್ಯೂಲೈಟ್ 2021ರಲ್ಲಿ ಅದೇ ದಾರಿ ಹಿಡಿಯಿತು. ಮೈಎಸ್‌ಕ್ಯೂಎಲ್‌ನ ಲಾಸ್ಟ್ ಇನ್ಸರ್ಟ್ ಐಡಿ ಆಯಾ ಕನೆಕ್ಷನ್ನಿಗೆ ಸೇರಿದ್ದನ್ನಷ್ಟೇ ಹೇಳುತ್ತದೆ. ಅದಕ್ಕೂ ಕೊಂಚ ಮಿತಿಯಿದೆ: ಪೂಲ್‌ನಿಂದ ಬೇರೆ ಕನೆಕ್ಷನ್ ಎತ್ತಿಕೊಂಡು ಕೇಳಿದರೆ ಉತ್ತರ ತಪ್ಪುತ್ತದೆ, ಒಂದೇ ಇನ್ಸರ್ಟ್‌ನಲ್ಲಿ ಹತ್ತು ಸಾಲು ತುರುಕಿದರೆ ಮೊದಲನೆಯದರ ನಂಬರ್ ಮಾತ್ರ ಸಿಗುತ್ತದೆ.

ತಮ್ಮ ಪರವಾಗಿಯೂ ಒಂದು ಮಾತು ಹೇಳಬೇಕು. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಎಂಜಿನ್ ಕೂಡ 8.0 ಬರುವ ತನಕ, ಸರ್ವರ್ ಮತ್ತೆ ಶುರುವಾದಾಗ ಮುಂದಿನ ನಂಬರ್ ಯಾವುದೆಂದು ತಮ್ಮನ್ನೇ ಕೇಳುತ್ತಿತ್ತು. ಕೊನೆಯ ಸಾಲು ಅಷ್ಟರಲ್ಲಿ ಅಳಿಸಿ ಹೋಗಿದ್ದರೆ, ಅದರ ನಂಬರ್ ಹೊಸಬರಿಗೆ ಸಿಗುತ್ತಿತ್ತು. 2018ರಲ್ಲಿ ಅದೂ ತಮ್ಮ ಕೈಬಿಟ್ಟು, ಲೆಕ್ಕವನ್ನು ಡಿಸ್ಕಿನಲ್ಲೇ ಬರೆದಿಡತೊಡಗಿತು.

ವರ್ಷಕ್ಕೊಮ್ಮೆ ಅತಿ ದೊಡ್ಡ ಬಿಲ್ ನಂಬರ್ ಎಷ್ಟಾಯಿತು ಎಂದು ವರದಿ ಬರೆಯುವಾಗ ತಮ್ಮನ್ನು ಖಂಡಿತ ಕರೆಯುತ್ತಾರೆ. ಕೌಂಟರಿನ ಕುರ್ಚಿಯನ್ನು ಮಾತ್ರ ಇವತ್ತೇ ಬಿಟ್ಟುಕೊಡಿ, ಅಜ್ಜಿ ಇನ್ನೂ ಅಲ್ಲೇ ಸೋಪು ಹಿಡಿದು ನಿಂತಿದ್ದಾರೆ.

ಇಂತಿ ತಮ್ಮ ನೊಂದ ವಿಶ್ವಾಸಿಗಳು,
4817 ಮತ್ತು 4818ನೇ ಸಾಲುಗಳು