ಬಾಡಿಗೆ ರಸೀದಿ ಸಾಹಿತ್ಯ: ಉಗಮ, ಲಕ್ಷಣ ಮತ್ತು ದಂಡ

ಸಂಬಳದಲ್ಲಿ ಟಿಡಿಎಸ್ ಮುರಿಯುವುದನ್ನು ತಪ್ಪಿಸಲು ನೌಕರವರ್ಗವು ಪ್ರತಿ ಜನವರಿಯಲ್ಲಿ ರಚಿಸುವ ಸಾಹಿತ್ಯಪ್ರಕಾರವೊಂದು ಈ ಪ್ರಬಂಧದ ವಸ್ತು. ವಡ್ಡಾರಾಧನೆಯ ಕರ್ತೃ ಯಾರೆಂದು ಜಗಳವಾಡುವ ವಿದ್ವಾಂಸರು ಇದನ್ನು ಕಡೆಗಣಿಸಿದ್ದಾರೆ. ಇಲ್ಲಾದರೋ ಕರ್ತೃವಿನ ಸಮಸ್ಯೆಯೇ ಇಲ್ಲ. ಬಾಡಿಗೆ ಕೊಟ್ಟವನೂ ರಸೀದಿ ಬರೆದವನೂ ಮಾಲೀಕರ ಸಹಿ ಹಾಕಿದವನೂ ಒಬ್ಬನೇ.

ಜೇಮ್ಸ್ ವಿಲ್ಸನ್ 1860ರಲ್ಲಿ ಭಾರತಕ್ಕೆ ಆದಾಯ ತೆರಿಗೆ ತಂದು ಅದೇ ವರ್ಷ ತೀರಿಕೊಂಡ. ತೆರಿಗೆ ಮಾತ್ರ ಒಂದೆರಡು ಸಲ ಸತ್ತೂ ಎದ್ದು ಬಂತು. ಸಂಬಳ ಕೊಡುವವನೇ ತೆರಿಗೆ ಮುರಿದುಕೊಳ್ಳಬೇಕೆಂದು 1961ರ ಕಾಯ್ದೆಯ 192ನೇ ಕಲಂ ವಿಧಿಸಿತು. ಬಾಡಿಗೆ ಭತ್ಯೆಗೆ ವಿನಾಯಿತಿಯೂ ಇತ್ತು. ಈ ಎರಡರ ನಡುವಿನ ಸಂದಿಯಲ್ಲಿ ಪ್ರಕೃತ ಪ್ರಕಾರ ಹುಟ್ಟಿತು. ರಾಜಧನ ನುಂಗುವ 40 ಬಗೆಗಳನ್ನು ಎಣಿಸಿದ ಕೌಟಿಲ್ಯನಿಗೆ ಇದು ಹೊಳೆಯದಿದ್ದುದು ಶೋಚನೀಯ.

ಇನ್ನು ಲಕ್ಷಣ. ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಮಂಗಳಾಚರಣೆ. 12 ತಿಂಗಳ ರಸೀದಿ, ಒಂದೇ ಪೆನ್ನು, ಒಂದೇ ಸಂಜೆ. ಏಪ್ರಿಲ್‌ನಲ್ಲಿ ಸುಂದರವಾಗಿದ್ದ ಮಾಲೀಕರ ಸಹಿ ಡಿಸೆಂಬರ್ ಹೊತ್ತಿಗೆ ಬರೀ ಗೆರೆಯಾಗಿರುತ್ತದೆ. ಲಿಪಿಶಾಸ್ತ್ರಜ್ಞರು ಇದನ್ನು ಕೈನೋವೆಂದು ಗುರುತಿಸಬೇಕು. ಛಂದಸ್ಸು ಕಟ್ಟುನಿಟ್ಟು: ತಿಂಗಳಿಗೆ 8,300. ಏಕೆಂದರೆ ವರ್ಷದ ಬಾಡಿಗೆ ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ಬೇಕು. ಮಾರತ್ತಹಳ್ಳಿಯಲ್ಲಿ 8,300ಕ್ಕೆ ಎರಡು ಬೆಡ್‌ರೂಮಿನ ಮನೆ ಸಿಗುವುದು ಈ ಸಾಹಿತ್ಯದಲ್ಲಿ ಮಾತ್ರ.

ಮಹತ್ವಾಕಾಂಕ್ಷೆಯ ಕವಿಗಳು ಲಕ್ಷವನ್ನು ದಾಟುತ್ತಾರೆ. “ಅಪ್ಪಾ, ನಿಮ್ಮ ಪ್ಯಾನ್ ನಂಬರ್ ಸ್ವಲ್ಪ ವಾಟ್ಸಪ್ ಮಾಡಿ” ಎಂಬುದು ಈ ಮಹಾಕಾವ್ಯಗಳ ಪ್ರಸಿದ್ಧ ಆರಂಭ. (ಮನೆ ಅಪ್ಪನದೇ ಆಗಿ, ಬಾಡಿಗೆಯನ್ನು ನಿಜಕ್ಕೂ ಕೊಟ್ಟು, ಅಪ್ಪ ಅದನ್ನು ತನ್ನ ಆದಾಯದಲ್ಲಿ ತೋರಿಸಿದರೆ ಅದು ಬರೀ ಸತ್ಯ, ನಮ್ಮ ಅಧ್ಯಯನದ ವ್ಯಾಪ್ತಿಗೆ ಬಾರದು.)

ಪ್ರಥಮ ವಾಚಕರಾದ ಕಂಪನಿಯ ಅಕೌಂಟ್ಸ್‌ನವರು ಸಹೃದಯರು, ಪುಟ ತಿರುವಿ ಒಪ್ಪಿಬಿಡುತ್ತಾರೆ. ಕಷ್ಟವಿರುವುದು ತೆರಿಗೆ ಇಲಾಖೆಯ ಕಂಪ್ಯೂಟರಿನಲ್ಲಿ. ಅದಕ್ಕೆ ರಸಾಸ್ವಾದ ಗೊತ್ತಿಲ್ಲ, ಗೊತ್ತಿರುವುದು ತುಲನಾತ್ಮಕ ಅಧ್ಯಯನವೊಂದೇ. ಮಗ ಕೊಟ್ಟೆನೆಂದ ಬಾಡಿಗೆ ಅಪ್ಪನ ರಿಟರ್ನ್ಸ್‌ನಲ್ಲಿ ಏಕಿಲ್ಲ ಎಂಬ ಪಾಠಾಂತರ ಅದರ ಕಣ್ಣಿಗೆ ಬಿದ್ದರೆ ಆದಾಯ ತೆರಿಗೆ ಕಾಯ್ದೆಯ ಪ್ರಕಾರ ವಿಮರ್ಶೆ ಶುರು. ಸುಳ್ಳು ತೋರಿಸಿ ತಪ್ಪಿಸಿದ ತೆರಿಗೆಗೆ ಶೇ. 200 ದಂಡ. 20,000 ಉಳಿಸಿದ ಕವಿ ಆ 20,000 ಕಟ್ಟಿ, 40,000 ದಂಡ ತೆತ್ತು, ತಿಂಗಳಿಗೆ ಶೇ. 1ರ ಬಡ್ಡಿಯನ್ನೂ ಸೇರಿಸಬೇಕು. ಗೌರವಧನವು ಲೇಖಕನಿಂದಲೇ ಹೊರಡುವ ಪ್ರಕಾರ ಜಗತ್ತಿನ ಸಾಹಿತ್ಯದಲ್ಲಿ ವಿರಳವೇನಲ್ಲ, ಆದರೆ ಮೂರು ಪಟ್ಟು ಎಂಬುದು ಹೊಸತು.

ನೋಟಿಸನ್ನು ಓದಿದ ಮೇಲೆ ಅಪ್ಪ ಆಡಿದ ಮಾತುಗಳು ಮೌಖಿಕ ಪರಂಪರೆಯಲ್ಲಿ ದೊರೆಯುತ್ತವಾದರೂ ಮುದ್ರಣಯೋಗ್ಯವಲ್ಲದ ಕಾರಣ ಇಲ್ಲಿ ಸೇರಿಸಿಲ್ಲ.